ಪೊಳ್ಳಾಚಿಯ ಗಡಿಗೆ, ತಿರುಪ್ಪೂರಿನ ಬನಿಯನ್

ಟಿಪ್ಪು ಸುಲ್ತಾನ ಮಡಿದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆ ಸುತ್ತುತ್ತ ಘಟ್ಟ ಇಳಿದು ಕೊಯಮತ್ತೂರಿನತ್ತ ಬಂದ. ಅಲ್ಲಿಯವರೆಗೆ ಮೈಸೂರಿಗೆ ಸೇರಿದ್ದ ನಾಡು ಆಗಷ್ಟೇ ಕಂಪನಿಯ ಪಾಲಾಗಿತ್ತು. ಪೊಳ್ಳಾಚಿಯಲ್ಲಿ ನೆಲ ಅಗೆದಾಗ ಸಿಕ್ಕ ಒಂದು ಗಡಿಗೆಯ ಸುದ್ದಿ ಅವನ ಕಿವಿಗೆ ಬಿತ್ತು. ಗಡಿಗೆಯಲ್ಲಿದ್ದವು ರೋಮನ್ ಬೆಳ್ಳಿ ನಾಣ್ಯಗಳು. ಕಲೆಕ್ಟರ್ ಹರ್ಡಿಸ್ ಅವುಗಳಲ್ಲಿ ಆರನ್ನು ಬುಕಾನನ್‌ಗೆ ಕೊಟ್ಟ. ಒಂದು ಬಗೆಯವು ರೋಮಿನ ದೊರೆ ಅಗಸ್ಟಸ್‌ನವು, ಇನ್ನೊಂದು ಬಗೆಯವು ಟೈಬೀರಿಯಸ್‌ನವು.

ನಮ್ಮ ಸೀಮೆ ಹೊರದೇಶದವರನ್ನು ಸೆಳೆದ ಕತೆಯನ್ನು ಯಾರಾದರೂ ಕೇಳಿದರೆ ನಾನು ಶುರುಮಾಡುವುದೇ ಈ ಗಡಿಗೆಯಿಂದ. ನಾವು ಕೊಯಮತ್ತೂರಿನ ದೇವಾಂಗರು. ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು. ಅಪ್ಪ ಮಗ್ಗದ ಗುಂಡಿಯಲ್ಲಿ ಕೂತು ಆಯಸ್ಸು ಕಳೆದರು. ನಾನು ತಿರುಪ್ಪೂರಿನ ರಫ್ತು ಕಚೇರಿಯೊಂದರಲ್ಲಿ ಲೆಕ್ಕ ಬರೆದೆ. ಇಂಗ್ಲಿಷ್ ಅಷ್ಟಿಷ್ಟು ಬರುತ್ತಿದ್ದುದರಿಂದ ಪೀಳಮೇಡಿನ ವಿಮಾನ ನಿಲ್ದಾಣಕ್ಕೆ ಹೋಗಿ ‘ಬಯ್ಯರ್’ಗಳನ್ನು ಕರೆತರುವ ಕೆಲಸವೂ ನನ್ನ ತಲೆಗೇ ಬಿತ್ತು.

ಪ್ರವಾಸೋದ್ಯಮದ ಅಂಕಿಅಂಶಗಳಲ್ಲಿ ತಮಿಳುನಾಡಿನ ಹೆಸರು ದೊಡ್ಡದು. 2019ರಲ್ಲಿ 68 ಲಕ್ಷಕ್ಕೂ ಹೆಚ್ಚು ವಿದೇಶಿ ಭೇಟಿಗಳೊಂದಿಗೆ ಅದು ದೇಶಕ್ಕೇ ಮೊದಲು. ಆ ಕೀರ್ತಿಯನ್ನು ಜನ ಮಾಮಲ್ಲಪುರಕ್ಕೆ, ಮಧುರೆಗೆ, ತಂಜಾವೂರಿಗೆ ಹಂಚುತ್ತಾರೆ. ಕೊಯಮತ್ತೂರು, ತಿರುಪ್ಪೂರು ಯಾರ ನೆನಪಿಗೂ ಬರುವುದಿಲ್ಲ. ಹೊರದೇಶದ ದುಡ್ಡು ಈ ದಾರಿ ಹಿಡಿದು ಮಾತ್ರ ಎರಡು ಸಾವಿರ ವರ್ಷವಾಯಿತು.

ದಾರಿ ಎಂದರೆ ಪಾಲಕ್ಕಾಡಿನ ಕಂಡಿ. ಪಶ್ಚಿಮ ಘಟ್ಟದ ಗೋಡೆ ಇಲ್ಲಿ ಸುಮಾರು ಮೂವತ್ತು ಕಿಲೋಮೀಟರಿನಷ್ಟು ಬಾಯಿ ಬಿಟ್ಟಿದೆ. ಕೇರಳ ಕರಾವಳಿಯ ಮುಚಿರಿ ಬಂದರಿನಲ್ಲಿ ಇಳಿದ ಸರಕು ಈ ಕಂಡಿ ದಾಟಿ, ನೊಯ್ಯಲ್ ಹೊಳೆಯ ಬಯಲು ಹಿಡಿದು ಕರೂರಿನತ್ತ ಹೋಗುತ್ತಿತ್ತು. ಆ ದಾರಿಯುದ್ದಕ್ಕೂ ನಾಣ್ಯ ಸಿಕ್ಕಿವೆ. ಕೊಯಮತ್ತೂರಿನ ಅಂಚಿನ ವೆಳ್ಳಲೂರಿನಲ್ಲಿ 1842ರಲ್ಲಿ ಐನೂರಕ್ಕೂ ಹೆಚ್ಚು ಸಿಕ್ಕವು. ಕತ್ತಂಗಣ್ಣಿಯಲ್ಲಿ 1913ರಲ್ಲಿ 233. ಇವುಗಳಲ್ಲೂ ಹೆಚ್ಚಿನವು ಅದೇ ಇಬ್ಬರು ದೊರೆಗಳವು. ಕ್ರಿ.ಶ. 64ರಲ್ಲಿ ನೀರೋ ನಾಣ್ಯದ ಬೆಳ್ಳಿ ಕಡಿಮೆ ಮಾಡಿದ. ಅವನ ನಾಣ್ಯ ನಮ್ಮ ಕಡೆ ಓಡಲಿಲ್ಲ, ಹಳೆಯ ಚೊಕ್ಕ ಬೆಳ್ಳಿಯೇ ಬೇಕೆಂದರು. ನಮ್ಮವರ ವ್ಯಾಪಾರದ ಕಣ್ಣು ಅಂದೇ ಅಷ್ಟು ಚುರುಕು.

ಇಷ್ಟು ಬೆಳ್ಳಿ ಏತಕ್ಕೆ ಬಂತು? ಮೆಣಸಿಗೆ ಬಂತು ಎಂದು ಎಲ್ಲರೂ ಹೇಳುತ್ತಾರೆ. ಮೆಣಸು ಕರಾವಳಿಯಲ್ಲೇ ಸಿಗುತ್ತಿತ್ತಲ್ಲ, ಘಟ್ಟ ದಾಟಿಸಿದ್ದು ಬೇರೆ ಸರಕು. ತಿರುಪ್ಪೂರಿನಿಂದ ಕಾಂಗೇಯಂಗೆ ಹೋಗುವ ದಾರಿಯಲ್ಲಿ ಪಡಿಯೂರು ಎಂಬ ಹಳ್ಳಿಯಿದೆ. ಅದರ ನೆಲದಲ್ಲಿ ಬೆರಿಲ್ ಸಿಗುತ್ತದೆ, ಕಡಲ ನೀರಿನ ಬಣ್ಣದ ಹರಳು. ಒಳ್ಳೆಯ ಬೆರಿಲ್ ಇಂಡಿಯಾ ಬಿಟ್ಟರೆ ಬೇರೆಡೆ ಅಪರೂಪ ಎಂದು ರೋಮಿನ ಪ್ಲಿನಿ ಬರೆದ. ಇಂಡಿಯಾ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ (ರೋಮನ್ ನಾಣ್ಯ) ಹೀರುತ್ತಿದೆ ಎಂದು ಗೊಣಗಿದವನೂ ಅವನೇ. ಹತ್ತಿರದ ಕೊಡುಮಣಲ್, ಈಗ ಈರೋಡ್ ಜಿಲ್ಲೆಯಲ್ಲಿರುವುದು, ಹರಳು ಅರೆದು ಮಣಿ ಮಾಡುವ ಕಸುಬಿನ ಊರು. 1980ರ ದಶಕದಿಂದ ಅಲ್ಲಿ ನಡೆದ ಅಗೆತದಲ್ಲಿ ಅರೆಬರೆ ಕೊರೆದ ಮಣಿಗಳೂ ಕಬ್ಬಿಣ ಕರಗಿಸಿದ ಕುಲುಮೆಗಳೂ ಹೊರಬಿದ್ದವು. ಹತ್ತೊಂಬತ್ತನೇ ಶತಮಾನದಲ್ಲೂ ಪಡಿಯೂರು ಬರಿದಾಗಿರಲಿಲ್ಲ: 1819-20ರಲ್ಲಿ ಹೀತ್ ಎಂಬ ಇಂಗ್ಲಿಷರವನು ಇಲ್ಲಿ ಹರಳು ತೆಗೆಸಿದ.

ಹಾಗೆಂದು ರೋಮನ್ನರೇ ನೊಯ್ಯಲ್ ದಂಡೆಗೆ ಬಂದು ಕೂತಿದ್ದರು ಎನ್ನಲಾರೆ. ನಾಣ್ಯ ಬಂದಿದೆ ಎಂದ ಮಾತ್ರಕ್ಕೆ ಅದನ್ನು ಎಣಿಸಿದವನೂ ಬಂದಂತಾಗಲಿಲ್ಲ. ಘಟ್ಟ ದಾಟಿಸಿದ ಎತ್ತು, ಗಾಡಿ, ದಲ್ಲಾಳಿ ನಮ್ಮವರೇ ಆಗಿದ್ದಿರಬೇಕು. ಪರದೇಶಿ ಖರೀದಿದಾರ ಖುದ್ದಾಗಿ ತಿರುಪ್ಪೂರಿನ ಓಣಿಗೆ ಕಾಲಿಟ್ಟದ್ದು ಬಹಳ ತಡವಾಗಿ.

ಆ ಕತೆ ಊರಿನ ಹಳಬರಿಗೆಲ್ಲ ಗೊತ್ತು. 1978ರಲ್ಲಿ ವೆರೋನಾ ಎಂಬ ಇಟಲಿಯ ಆಮದುದಾರ ಮುಂಬಯಿಯ ರಫ್ತುದಾರರ ಮೂಲಕ ಬಿಳಿ ಟೀ-ಶರ್ಟ್ ಹುಡುಕಿಕೊಂಡು ಇಲ್ಲಿಗೆ ಬಂದ. 1981ರಲ್ಲಿ ಯೂರೋಪಿನ ಸಿ ಆಂಡ್ ಎ ಅಂಗಡಿಯವರು ಬಂದರು. ಅಲ್ಲಿಯವರೆಗೆ ಒಳ ಬನಿಯನ್ ಹೆಣೆಯುತ್ತಿದ್ದ ಊರು ರಫ್ತಿಗೆ ತಿರುಗಿತು. 1990ರಲ್ಲಿ ರಫ್ತುದಾರರ ಸಂಘವೂ ಹುಟ್ಟಿತು. ಇಂದು ವರ್ಷದ ರಫ್ತು ಸುಮಾರು 40,000 ಕೋಟಿ ರೂಪಾಯಿಯ ಆಸುಪಾಸಿನಲ್ಲಿದೆ.

ನಾನು ಕರೆತಂದವರು ಕಾರಿನಿಂದ ಇಳಿದವರೇ ಬಟ್ಟೆಯನ್ನು ಹೆಬ್ಬೆರಳಿನಲ್ಲಿ ಉಜ್ಜಿ ನೋಡುತ್ತಿದ್ದರು. ಬಟ್ಟೆಯ ತೂಕ (ಜಿಎಸ್‌ಎಂ) ಎಷ್ಟು, ಒಗೆದರೆ ಎಷ್ಟು ಕುಗ್ಗುತ್ತದೆ, ಬಣ್ಣದ ಮಾದರಿ ಯಾವಾಗ ಕೊಡುತ್ತೀರಿ ಎಂದು ಒಂದೇ ಸಮನೆ ಕೇಳುವರು. ಬಿಡುವಿದ್ದರೆ ಅವಿನಾಶಿಯ ಗುಡಿಗೆ ಕರೆದೊಯ್ಯುತ್ತಿದ್ದೆ. ಗೋಪುರವನ್ನು ಮೆಚ್ಚುವರು, ಮರುಕ್ಷಣ ಗಡಿಯಾರ ನೋಡುವರು.

ಈ ಸಿರಿಯ ಬೆಲೆಯನ್ನು ತೆತ್ತದ್ದು ನೊಯ್ಯಲ್. ಬಣ್ಣದ ಕಾರ್ಖಾನೆಗಳ ನೀರು ಹೊಳೆಗೆ ಸೇರಿ, ಕೆಳಗಿನ ಒರತ್ತುಪಾಳೆಯಂ ಅಣೆಕಟ್ಟೆಯಲ್ಲಿ ನಿಂತು ರೈತರ ನೆಲ ಕೆಡಿಸಿತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣದ ಘಟಕಗಳನ್ನು ಮುಚ್ಚಲು ಆದೇಶಿಸಿತು. ಆಮೇಲೆ ಬಂದ ಬಯ್ಯರ್‌ಗಳು ಬಟ್ಟೆಗಿಂತ ಮೊದಲು ನೀರಿನ ಲೆಕ್ಕ ಕೇಳತೊಡಗಿದರು. ಹೊರಗಿನವರು ಕೇಳುವವರೆಗೆ ನಾವು ಕೇಳಿಕೊಳ್ಳಲಿಲ್ಲ ಎಂಬುದು ನಮ್ಮ ಊರಿನ ಇತಿಹಾಸದಲ್ಲಿ ಬರೆದಿಡಬೇಕಾದ ಮಾತು.

ಅದೇ ಹೊಳೆ ಹುಟ್ಟುವ ವೆಳ್ಳಿಯಂಗಿರಿಯ ತಪ್ಪಲಿಗೆ ಈಗ ಬೇರೆ ಬಗೆಯ ಪರದೇಶಿಗಳು ಬರುತ್ತಾರೆ. ಮೈಸೂರಿನಲ್ಲಿ ಹುಟ್ಟಿದ ಜಗ್ಗಿ ವಾಸುದೇವರ ಈಶ ಯೋಗ ಕೇಂದ್ರ ಅಲ್ಲಿದೆ. 1999ರಲ್ಲಿ ಧ್ಯಾನಲಿಂಗ ಪ್ರತಿಷ್ಠೆಯಾಯಿತು, 2017ರಲ್ಲಿ 112 ಅಡಿಯ ಆದಿಯೋಗಿ ಎದ್ದು ನಿಂತ. ಪೊಳ್ಳಾಚಿಯ ಆಕಾಶದಲ್ಲಿ 2015ರಿಂದ ಬಿಸಿಗಾಳಿ ಬಲೂನುಗಳ ಉತ್ಸವ ನಡೆಯುತ್ತದೆ. ಪ್ರವಾಸೋದ್ಯಮದ ಯಶಸ್ಸು ಎಂದು ಜನ ಬೆರಳು ತೋರುವುದು ಇವುಗಳನ್ನೇ. ನನ್ನ ಲೆಕ್ಕದಲ್ಲಿ ಇವು ಕೊನೆಯ ಪುಟ. ಇಲ್ಲಿಗೆ ಲೋಕದ ದಾರಿ ತೆರೆದವರು ಹರಳು ಅರೆದವರು, ನೂಲು ಹೆಣೆದವರು.

ಕರ್ನಾಟಕದಿಂದ ಸಗಟು ಬನಿಯನ್ ಕೊಳ್ಳಲು ತಿರುಪ್ಪೂರಿನ ಖಾದರ್‌ಪೇಟೆಗೆ ಬರುವವರು ಬಹಳ. ಮುಂದಿನ ಸಲ ಬಂದಾಗ ಗಂಟು ಕಟ್ಟಿಸಿಟ್ಟು ಕಾಂಗೇಯಂ ಬಸ್ಸು ಹತ್ತಿ, ಪಡಿಯೂರಿನಲ್ಲಿ ಇಳಿದು ನೋಡಿ. ಜಿಲ್ಲಾಡಳಿತವೂ ತನ್ನ ಪ್ರವಾಸಿ ನಕ್ಷೆಯಲ್ಲಿ ಆ ಹಳ್ಳಿಗೊಂದು ಚುಕ್ಕೆ ಇಡಲಿ.