ಎರಡು ಗೋಡೆ, ಒಂದೇ ಬಲಿಪೀಠ



ಇಟಲಿಯ ಪೂರ್ವ ಕರಾವಳಿಯಲ್ಲಿ, ಏಡ್ರಿಯಾಟಿಕ್ ಸಮುದ್ರದ ದಡದಲ್ಲಿ, ರಿಮಿನಿ ಎಂಬ ಊರಿದೆ. 1843ರಲ್ಲಿ ಅಲ್ಲಿ ಮೊದಲ ಸಮುದ್ರಸ್ನಾನದ ಕೇಂದ್ರ ತೆರೆಯಿತು. ಕಾಲಕ್ರಮೇಣ ಅದು ಬೇಸಿಗೆಯ ರಜೆಗೆ ಹೆಸರಾದ ತಾಣವಾಯಿತು. ದುಡಿದು ದಣಿದ ಗಂಡಹೆಂಡಿರಿಬ್ಬರು ಒಂದು ವಾರದ ಮಟ್ಟಿಗೆ ಅಲ್ಲಿ ತಂಗಿದ್ದಾರೆಂದು ಭಾವಿಸಿರಿ. ಎರಡು ದಿನ ಮರಳಿನ ಮೇಲೆ ಕುಳಿತು ಅಲೆಗಳನ್ನು ಎಣಿಸಿದ ಮೇಲೆ ಮೂರನೆಯ ದಿನ ಮನಸ್ಸು ಬೇರೇನನ್ನೋ ಅರಸುತ್ತದೆ. ಆಗ ಅವರೊಡನೆ ನಾವೂ ಹೊರಡೋಣ.

ದೂರ ಹೋಗಬೇಕಾಗಿಲ್ಲ. ಚಕ್ರವರ್ತಿ ಅಗಸ್ಟಸನ ಗೌರವಾರ್ಥ ಕ್ರಿ.ಪೂ. 27ರಲ್ಲಿ ನಿಲ್ಲಿಸಿದ ಕಲ್ಲಿನ ಕಮಾನು ಆ ಊರಿನಲ್ಲೇ ಇದೆ. ಅಗಸ್ಟಸನ ಕಾಲದಲ್ಲಿ ಆರಂಭವಾಗಿ ಟೈಬೀರಿಯಸನ ಆಳ್ವಿಕೆಯಲ್ಲಿ, ಕ್ರಿ.ಶ. 21ರಲ್ಲಿ, ಮುಗಿದ ಐದು ಕಮಾನುಗಳ ಸೇತುವೆಯೂ ಇದೆ. ನಮ್ಮ ಪ್ರಭು ಯೇಸು ನಜರೇತಿನಲ್ಲಿ ಬಾಳುತ್ತಿದ್ದ ದಿನಗಳಲ್ಲಿ ಕಟ್ಟಿದ ಆ ಸೇತುವೆ ಇಂದಿಗೂ ಜನರನ್ನು ದಾಟಿಸುತ್ತಿದೆ.

ಅಲ್ಲಿಂದ ಉತ್ತರಕ್ಕೆ, ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ, ರವೆನ್ನಾ. ಕ್ರಿ.ಶ. 402ರಲ್ಲಿ ಪಶ್ಚಿಮ ರೋಮನ್ ಸಾಮ್ರಾಜ್ಯದ ರಾಜಧಾನಿಯಾದ ನಗರವದು. ಅದರ ಮಗ್ಗುಲಲ್ಲೇ ಕ್ಲಾಸ್ಸೆ ಎಂಬ ಬಂದರಿತ್ತು. ರೋಮನ್ ನೌಕಾಪಡೆ ಅಲ್ಲಿ ತಂಗುತ್ತಿತ್ತು. ನದಿಗಳು ತಂದ ಹೂಳು ಬಂದರನ್ನು ತುಂಬಿತು, ಕಡಲು ದೂರ ಸರಿಯಿತು. 549ರಲ್ಲಿ ಅಭಿಷಿಕ್ತವಾದ ಸಂತ ಅಪೊಲಿನಾರಿಸರ ದೇವಾಲಯವು ಇಂದು ಅಲ್ಲಿ ಹಡಗಿಲ್ಲದ ಬಯಲಿನ ನಡುವೆ ನಿಂತಿದೆ.

ಈ ಎರಡು ಊರುಗಳನ್ನು ಒಮ್ಮೆ ಒಂದು ಮದುವೆ ಬೆಸೆದಿತ್ತು. 13ನೆಯ ಶತಮಾನದಲ್ಲಿ ರವೆನ್ನಾದ ಒಡೆಯ ಗ್ವಿದೊ ದ ಪೊಲೆಂತಾ ತನ್ನ ಮಗಳು ಫ್ರಾಂಚೆಸ್ಕಾಳನ್ನು ರಿಮಿನಿಯ ಮಲತೆಸ್ತಾ ಮನೆತನದ ಜೊವಾನ್ನಿಗೆ ಕೊಟ್ಟ. ಅದು ಎರಡು ಮನೆತನಗಳ ರಾಜಕೀಯ ನಂಟು. ಫ್ರಾಂಚೆಸ್ಕಾಳ ಮನಸ್ಸು ಗಂಡನ ತಮ್ಮ ಪಾವೊಲೊನ ಕಡೆಗೆ ತಿರುಗಿತು. ಅದನ್ನರಿತ ಗಂಡ ಇಬ್ಬರನ್ನೂ ಕೊಂದ. ಮಹಾಕವಿ ದಾಂತೆ ಅವರಿಬ್ಬರನ್ನು ತನ್ನ ಕಾವ್ಯದ ನರಕದಲ್ಲಿ, ಎಂದೂ ತಣಿಯದ ಬಿರುಗಾಳಿಯಲ್ಲಿ ಇರಿಸಿದ. ಆದರೂ ಅವಳ ಮಾತು ಕೇಳಿ ಕನಿಕರದಿಂದ ಮೂರ್ಛೆಹೋದಂತೆ ತನ್ನನ್ನೇ ಚಿತ್ರಿಸಿಕೊಂಡ. ಫ್ಲಾರೆನ್ಸಿನಿಂದ ಗಡೀಪಾರಾದ ಆ ಕವಿಗೆ ಕೊನೆಗಾಲದಲ್ಲಿ ಆಶ್ರಯವಿತ್ತವನು ಅದೇ ಪೊಲೆಂತಾ ಮನೆತನದ ಮತ್ತೊಬ್ಬ ಗ್ವಿದೊ. 1321ರಲ್ಲಿ ತೀರಿಕೊಂಡ ದಾಂತೆಯ ಸಮಾಧಿ ರವೆನ್ನಾದಲ್ಲಿದೆ. ಫ್ಲಾರೆನ್ಸ್ ನಗರವು ಅಲ್ಲಿನ ದೀಪಕ್ಕೆ ವರ್ಷವರ್ಷವೂ ಎಣ್ಣೆ ಕಳುಹಿಸುತ್ತದೆ.

ಆ ಸಮಾಧಿಯಿಂದ ಸ್ವಲ್ಪ ದೂರ ನಡೆದರೆ ಸಂತ ವಿಟಾಲಿಸರ ದೇವಾಲಯ. ಸಂಪ್ರದಾಯದ ಪ್ರಕಾರ ವಿಟಾಲಿಸರು ಸಂಸಾರಸ್ಥ ರಕ್ತಸಾಕ್ಷಿ. ಅವರ ಪತ್ನಿ ವಲೇರಿಯಾ ಕೂಡ ರಕ್ತಸಾಕ್ಷಿ. 547ರಲ್ಲಿ ಧರ್ಮಾಧ್ಯಕ್ಷ ಮ್ಯಾಕ್ಸಿಮಿಯನ್ ಈ ದೇವಾಲಯವನ್ನು ಅಭಿಷೇಕಿಸಿದರು. ಒಳಗೆ ಬಲಿಪೀಠದ ಸುತ್ತಣ ಗೋಡೆಗಳು ಬಣ್ಣದ ಗಾಜಿನ ಚೂರುಗಳನ್ನು ಜೋಡಿಸಿದ ಮೊಸಾಯಿಕ್ ಚಿತ್ರಗಳಿಂದ ಬೆಳಗುತ್ತವೆ. ಒಂದೆಡೆ ಅಬ್ರಹಾಮನು ಮೂವರು ಅತಿಥಿಗಳಿಗೆ ಊಟ ಬಡಿಸುತ್ತಿದ್ದಾನೆ. ಸಾರಾ ಬಾಗಿಲಲ್ಲಿ ನಿಂತು ಕಿವಿಗೊಟ್ಟಿದ್ದಾಳೆ. ಬಲಿಪೀಠದ ಹಿಂದೆ, ಎದುರುಬದುರು ಗೋಡೆಗಳ ಮೇಲೆ, ಒಂದು ಕಡೆ ಚಕ್ರವರ್ತಿ ಜಸ್ಟಿನಿಯನ್, ಮತ್ತೊಂದು ಕಡೆ ಅವನ ಪತ್ನಿ ಥಿಯೊಡೊರಾ. ಇಬ್ಬರೂ ಪರಿವಾರದೊಡನೆ ಕಾಣಿಕೆ ತರುತ್ತಿದ್ದಾರೆ. ಅವನ ಕೈಯಲ್ಲಿ ರೊಟ್ಟಿಯ ಚಿನ್ನದ ತಟ್ಟೆ, ಅವಳ ಕೈಯಲ್ಲಿ ದ್ರಾಕ್ಷಾರಸದ ಪಾನಪಾತ್ರೆ. ಅವಳ ಉಡುಪಿನ ಅಂಚಿನಲ್ಲಿ ಬಾಲಯೇಸುವಿಗೆ ಕಾಣಿಕೆ ಹೊತ್ತ ಮೂವರು ಜ್ಞಾನಿಗಳ ಚಿತ್ರ.

ಈ ಚಿತ್ರವನ್ನು ಭಕ್ತಿಯಿಂದ ಮಾತ್ರ ನೋಡಿದರೆ ಸಾಲದು. 540ರಲ್ಲಿ ಜಸ್ಟಿನಿಯನನ ಸೇನೆ ಗಾಥರಿಂದ ರವೆನ್ನಾವನ್ನು ಗೆದ್ದುಕೊಂಡಿತ್ತು. ಒಡೆಯರು ಯಾರೆಂದು ಊರಿಗೆ ಸಾರುವ ಉದ್ದೇಶವೂ ಅಲ್ಲಿತ್ತು. ಆ ದಂಪತಿಗಳು ರವೆನ್ನಾಕ್ಕೆ ಕಾಲಿಟ್ಟವರೂ ಅಲ್ಲ. 532ರ ದಂಗೆಯನ್ನು ರಕ್ತದ ಹೊಳೆ ಹರಿಸಿ ಅಡಗಿಸಿದ ದೊರೆಯನ್ನು ನಿಷ್ಕಳಂಕನೆಂದು ಯಾರೂ ಹೇಳಲಾರರು. ಥಿಯೊಡೊರಾ ಕರಡಿ ಸಾಕುವವನ ಮಗಳು, ರಂಗದ ಮೇಲೆ ಕುಣಿದವಳು. ಅಂಥವಳನ್ನು ಶ್ರೀಮಂತ ಪದವಿಯವನು ಮದುವೆಯಾಗಲು ಕಾನೂನೇ ಅಡ್ಡವಿತ್ತು; ಅವರಿಗಾಗಿ ಅದನ್ನು ತಿದ್ದಬೇಕಾಯಿತು.

ಅದಕ್ಕಿಂತ ದೊಡ್ಡ ಅಂತರ ಅವರ ವಿಶ್ವಾಸದ ವಿಷಯದಲ್ಲಿತ್ತು. ಕ್ರಿಸ್ತನು ಒಬ್ಬನೇ ವ್ಯಕ್ತಿ, ಆತನಲ್ಲಿ ದೈವ ಸ್ವಭಾವ ಮತ್ತು ಮಾನವ ಸ್ವಭಾವ ಎರಡೂ ಇವೆ ಎಂದು 451ರ ಕಾಲ್ಸೆಡೋನ್ ಮಹಾಸಭೆ ಸಾರಿತ್ತು. ಜಸ್ಟಿನಿಯನ್ ಅದನ್ನು ಎತ್ತಿಹಿಡಿದ. ಥಿಯೊಡೊರಾ ಅದನ್ನೊಪ್ಪದವರ ಪಕ್ಷ ವಹಿಸಿ, ಅವರ ಸನ್ಯಾಸಿಗಳಿಗೆ ಅರಮನೆಯ ಆವರಣದಲ್ಲೇ ಆಸರೆ ಕೊಟ್ಟಳು. ಅವಳ ಬೆಂಬಲದಿಂದ ಧರ್ಮಾಧ್ಯಕ್ಷರಾದ ಯಾಕೋಬ್ ಬರದಾಯಿಯವರ ಹೆಸರೇ ಕೇರಳದ ‘ಯಾಕೋಬಾಯ’ ಎಂಬ ಹೆಸರಿನಲ್ಲಿ ಇಂದಿಗೂ ಉಳಿದಿದೆ. ಸಾಮ್ರಾಜ್ಯವನ್ನೇ ಸೀಳಿದ ಭಿನ್ನಾಭಿಪ್ರಾಯ ಒಂದೇ ಸೂರಿನಡಿ ಬಾಳಿತು, ಮದುವೆ ಮುರಿಯಲಿಲ್ಲ. 548ರಲ್ಲಿ ಥಿಯೊಡೊರಾ ಕಣ್ಮುಚ್ಚಿದಳು. ಜಸ್ಟಿನಿಯನ್ ಇನ್ನೂ 17 ವರ್ಷ ಆಳಿದ, ಮತ್ತೊಂದು ಮದುವೆಯಾಗಲಿಲ್ಲ.

ಇಂದಿನ ಕುಟುಂಬಗಳಿಗೆ ಈ ಹಳೆಯ ಗೋಡೆಗಳಿಂದೇನು ಎಂದು ನೀವು ಕೇಳಬಹುದು. ನಮ್ಮ ಮನೆಗಳಲ್ಲೂ ಗಂಡಹೆಂಡಿರು ಎಲ್ಲದರಲ್ಲೂ ಒಮ್ಮತದವರಲ್ಲ. ಹಣದ ವಿಚಾರ, ಅತ್ತೆ ಮಾವಂದಿರ ವಿಚಾರ, ಮಕ್ಕಳ ಓದು, ಕೆಲವೊಮ್ಮೆ ಪ್ರಾರ್ಥನೆಯ ವಿಚಾರವೂ ಇಬ್ಬರನ್ನು ಎರಡು ಗೋಡೆಗಳಿಗೆ ನೂಕುತ್ತದೆ. ಅಭಿಪ್ರಾಯ ಒಂದಾಗುವವರೆಗೆ ಕಾಯುತ್ತ ಮಾತು ಬಿಟ್ಟು ಕುಳಿತ ಮನೆಗಳನ್ನು ನಾನು ಬಲ್ಲೆ. ಲೆಕ್ಕಾಚಾರಕ್ಕಾಗಿ ಹೆಣ್ಣನ್ನು ಕೊಟ್ಟುಬಿಡುವ ಮನೆಗಳೂ ಇಲ್ಲದಿಲ್ಲ. ಫ್ರಾಂಚೆಸ್ಕಾಳ ಕಥೆ ಅವರಿಗೆ ಎಚ್ಚರಿಕೆಯಾಗಲಿ. ರವೆನ್ನಾದ ಗೋಡೆಗಳು ತೋರುವ ದಾರಿ ಬೇರೆ. ಅವನ ತಟ್ಟೆಯೊಂದರಿಂದ ಬಲಿಪೂಜೆ ನಡೆಯದು, ಅವಳ ಪಾತ್ರೆಯೊಂದರಿಂದಲೂ ನಡೆಯದು. ಎರಡೂ ಒಂದೇ ಬಲಿಪೀಠಕ್ಕೆ ಬರಬೇಕು.

ಸಂಜೆ ನಮ್ಮ ದಂಪತಿಗಳು ರಿಮಿನಿಗೆ ಮರಳುತ್ತಾರೆ. ಕಡಲು ಅಲ್ಲೇ ಇದೆ. ಮುಂದಿನ ಭಾನುವಾರ ನಿಮ್ಮ ಧರ್ಮಕೇಂದ್ರದಲ್ಲಿ ಕಾಣಿಕೆಯ ಮೆರವಣಿಗೆಗೆ ಗುರುಗಳು ನಿಮ್ಮಿಬ್ಬರನ್ನು ಕರೆದರೆ, ಹಿಂದಿನ ರಾತ್ರಿಯ ಜಗಳ ಇನ್ನೂ ಮುಗಿದಿಲ್ಲವೆಂದು ಹಿಂಜರಿಯಬೇಡಿರಿ. ಒಬ್ಬರು ರೊಟ್ಟಿಯನ್ನು, ಮತ್ತೊಬ್ಬರು ದ್ರಾಕ್ಷಾರಸವನ್ನು ಎತ್ತಿಕೊಂಡು ಜೊತೆಯಾಗಿ ನಡೆದು ಬನ್ನಿರಿ.