7 ದಿನದ ಶಿಬಿರದ ಹಿಂದೆ 20 ವರ್ಷದ ಚರ್ಚೆ

ಕಾಲೇಜು ಹುಡುಗ ಹುಡುಗಿಯರು ನಿಮ್ಮೂರ ಶಾಲೆಯಲ್ಲಿ ಒಂದು ವಾರ ತಂಗಿ, ಬೆಳಿಗ್ಗೆ ಚರಂಡಿ ಬಳಿದು, ಸಂಜೆ ನಾಟಕ ಆಡಿ ಹೋಗಿದ್ದು ನೆನಪಿರಬಹುದು. ಅವರೇ ಎನ್ಎಸ್ಎಸ್‌ನವರು, ಅಂದರೆ ರಾಷ್ಟ್ರೀಯ ಸೇವಾ ಯೋಜನೆಯವರು. ನಾವೂ ಕಾಲೇಜಿನಲ್ಲಿದ್ದಾಗ ಹಾಗೆ ಹೋದವರೇ. ಆದರೆ ಈ ಶಿಬಿರ ಹುಟ್ಟಿದ ಕತೆಯನ್ನು ಆಗ ನಮಗೆ ಯಾರೂ ಹೇಳಿರಲಿಲ್ಲ.

ಸ್ವಾತಂತ್ರ್ಯ ಬಂದ ಹೊಸದರಲ್ಲೇ ಡಾ. ರಾಧಾಕೃಷ್ಣನ್ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ, ವಿದ್ಯಾರ್ಥಿಗಳು ಸ್ವಂತ ಇಷ್ಟದಿಂದ ದೇಶಸೇವೆ ಮಾಡಲಿ ಎಂದಿತ್ತು. 1959ರಲ್ಲಿ ನೇಮಕವಾದ ಸಿ.ಡಿ. ದೇಶಮುಖ್ ಸಮಿತಿ ಇನ್ನೂ ಮುಂದೆ ಹೋಯಿತು. ಹೈಸ್ಕೂಲು ಮುಗಿಸಿ ಕಾಲೇಜು ಸೇರುವವರಿಗೆ 9 ತಿಂಗಳಿಂದ 1 ವರ್ಷದ ಸೇವೆ ಕಡ್ಡಾಯವಾಗಲಿ ಎಂದಿತು. ಅಷ್ಟು ದುಡ್ಡು ಎಲ್ಲಿಂದ ತರುವುದು, ಜಾರಿ ಮಾಡುವುದು ಹೇಗೆ ಎಂಬ ತೊಡಕಿನಲ್ಲಿ ಅದು ನಿಂತುಹೋಯಿತು. ಆಮೇಲೆ ಶಿಕ್ಷಣ ತಜ್ಞ ಕೆ.ಜಿ. ಸೈಯಿದೈನ್ ಬೇರೆ ಬೇರೆ ದೇಶಗಳ ಪದ್ಧತಿ ಅಭ್ಯಾಸ ಮಾಡಿ, ಕಡ್ಡಾಯ ಬೇಡ, ಮನಸ್ಸಿದ್ದವರು ಬರಲಿ ಎಂದರು. ಕೊನೆಗೆ ಗೆದ್ದಿದ್ದು ಆ ಮಾತೇ.

1969 ಗಾಂಧೀಜಿ ಹುಟ್ಟಿ 100 ವರ್ಷ ತುಂಬಿದ ವರ್ಷ. ಆ ಸೆಪ್ಟೆಂಬರ್ 24ರಂದು ಕೇಂದ್ರ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್ ಯೋಜನೆಗೆ ಚಾಲನೆ ಕೊಟ್ಟರು. ಈ ರಾವ್ ಲೋಕಸಭೆಗೆ ಆರಿಸಿ ಬಂದಿದ್ದು ನಮ್ಮ ಬಳ್ಳಾರಿಯಿಂದ! ಮೊದಲಿಗೆ ಸೇರಿದ್ದು 37 ವಿಶ್ವವಿದ್ಯಾಲಯ, ಸುಮಾರು 40,000 ವಿದ್ಯಾರ್ಥಿಗಳು.

ಎದೆ ಮೇಲಿನ ಬ್ಯಾಡ್ಜಿನಲ್ಲಿರುವುದು ಕೊನಾರ್ಕದ ಸೂರ್ಯ ದೇಗುಲದ ರಥದ ಗಾಲಿ. ಅದರ 8 ಅರಗಳು ದಿನದ 24 ಗಂಟೆಯ ಗುರುತು. ಯಾವ ಜಾವದಲ್ಲಿ ಕರೆದರೂ ಸೇವೆಗೆ ಸಿದ್ಧ ಎಂದು ಅರ್ಥ. ಧ್ಯೇಯವಾಕ್ಯ 'ನನಗಲ್ಲ, ನಿನಗೆ'. ಸ್ವಯಂಸೇವಕರು 2 ವರ್ಷದಲ್ಲಿ 240 ಗಂಟೆ ಕೆಲಸ ಮಾಡಬೇಕು. ಜೊತೆಗೆ 7 ದಿನದ ಶಿಬಿರ.

ನಮ್ಮ ಶಿಬಿರದಲ್ಲಿ ಒಂದು ಚರಂಡಿ ಬಳಿಯಲು 2 ದಿನ ಹಿಡಿಯಿತು. ಜಗಲಿ ಮೇಲೆ ಕೂತಿದ್ದ ಅಜ್ಜಿ, 'ನೀವು ಹೋದ್ಮೇಲೆ ಇದನ್ನ ಯಾರು ಬಳೀತಾರಪ್ಪಾ?' ಎಂದು ಕೇಳಿದರು. ನಮ್ಮಲ್ಲಿ ಉತ್ತರ ಇರಲಿಲ್ಲ. ಸರ್ಟಿಫಿಕೇಟು ಕೈಗೆ ಬಂತು. ಆರು ತಿಂಗಳ ಮೇಲೆ ಅದೇ ದಾರಿಯಲ್ಲಿ ಹೋದಾಗ ಚರಂಡಿ ಮತ್ತೆ ಕಟ್ಟಿಕೊಂಡಿತ್ತು.

ಇದು ಹುಡುಗರ ತಪ್ಪಲ್ಲ. ಕಡ್ಡಾಯ ಬೇಡ ಎಂದು ದೊಡ್ಡವರು ತೀರ್ಮಾನ ಮಾಡಿದ್ದು ಮನಸ್ಸಿನ ಮೇಲೆ ನಂಬಿಕೆ ಇಟ್ಟು. ಆ ಮನಸ್ಸು ಊರಿನವರಿಗೂ ಬೇಕು. ಈ ಸಲ ಶಿಬಿರ ನಿಮ್ಮೂರಿಗೆ ಬಂದರೆ ಜಗಲಿಯಿಂದ ಇಳಿದು, ಸಲಿಕೆ ಹಿಡಿದು ನೀವೂ ಬನ್ನಿ. ಅಜ್ಜಿಯ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ.