ಮನೆಬಳಕೆಯ ಬ್ಯಾಟರಿಗಳಲ್ಲಿನ ವಿಷಲೋಹಗಳು: ಮಾಪನವಿದ್ಯೆಯ ಬೆಳವಣಿಗೆ

ಚೆನ್ನೈಯ ದಕ್ಷಿಣಭಾಗದಲ್ಲಿ, ಆನಿ ಬೆಸೆಂಟರ ಹೆಸರನ್ನು ಹೊತ್ತು ಕಡಲತಡಿಯನ್ನು ಆಶ್ರಯಿಸಿರುವ ಬೆಸೆಂಟ್ ನಗರದ ರಾಜಾಜಿ ಭವನದಲ್ಲಿ ಕೇಂದ್ರೀಯ ಅಂತರ್ಜಲ ಮಂಡಳಿಯ ಪ್ರಾದೇಶಿಕ ಕಚೇರಿಯಿದೆ. ಆ ಬಡಾವಣೆಯ ಕಸವಾದರೋ ಬಹುಕಾಲ ಪೆರುಂಗುಡಿಯ ಕಸದ ರಾಶಿಗೆ, ಎಂದರೆ ಪಳ್ಳಿಕರಣೆಯ ಜೌಗುನೆಲದ ಅಂಚಿಗೆ, ಸಾಗಿದೆ. ಟಾರ್ಚು, ಗೋಡೆಗಡಿಯಾರ, ಆಟಿಕೆಗಳಿಂದ ತೆಗೆದೊಗೆದ ಸೆಲ್ಲುಗಳು ಅಂಥ ರಾಶಿಯಲ್ಲಿ ಬೆರೆತಾಗ, ಅವುಗಳೊಳಗಿನ ಪಾದರಸ, ಕ್ಯಾಡ್ಮಿಯಂ, ಸೀಸಗಳು ಮಳೆನೀರಿನೊಡನೆ ನೆಲಕ್ಕಿಳಿದಾವೆಂಬ ಆತಂಕ ಸಹಜವೇ. ಆದರೆ ಆತಂಕವು ಜ್ಞಾನವಾಗಬೇಕಾದರೆ ಆ ಲೋಹಗಳ ಪ್ರಮಾಣವೆಷ್ಟೆಂಬುದು ನಿರ್ಧಾರವಾಗಬೇಕು. ಅದನ್ನು ನಿರ್ಧರಿಸುವ ವಿಶ್ಲೇಷಣ ರಸಾಯನವು ಬೆಳೆದುಬಂದ ಕ್ರಮವೇ ಈ ಲೇಖನದ ವಸ್ತು.

ಫ್ರಾನ್ಸಿನ ಲೆಕ್ಲಾಂಶೆ 1866ರಲ್ಲಿ ರೂಪಿಸಿದ ಆರ್ದ್ರಕೋಶವನ್ನು ಜರ್ಮನಿಯ ಗಾಸ್ನರ್ 1886ರ ಸುಮಾರಿಗೆ ಶುಷ್ಕಕೋಶವಾಗಿ ಮಾರ್ಪಡಿಸಿದಂದಿನಿಂದ, ಸತುವಿನ ಡಬ್ಬಿಯೇ ಪಾತ್ರೆಯೂ ಋಣಧ್ರುವವೂ ಆಯಿತು. ಸತುವು ತಾನೇ ಸವೆದು ಜಲಜನಕವನ್ನು ಬಿಡುವ ದೋಷವನ್ನು ತಡೆಯಲು ಪಾದರಸವನ್ನು ಸೇರಿಸಿದರು. ಡಬ್ಬಿಗೆ ದೃಢತೆಯೂ ಎಳೆದಂತೆ ಬಾಗುವ ಗುಣವೂ ಬರಲೆಂದು ಸೀಸ, ಕ್ಯಾಡ್ಮಿಯಂಗಳನ್ನು ಬೆರೆಸಿದರು. ಮುಂದೆ ಬಂದ ಕ್ಷಾರೀಯ ಸೆಲ್ಲುಗಳಲ್ಲಿ ಒಂದು ಕಾಲಕ್ಕೆ ಒಟ್ಟು ತೂಕದ ಶೇಕಡಾ 1ರಷ್ಟು ಪಾದರಸವಿದ್ದುದುಂಟು.

ಈ ಲೋಹಗಳನ್ನು ಅಳೆಯುವ ಹಳೆಯ ಕ್ರಮಗಳಲ್ಲಿ ಮುಖ್ಯವಾದುದು ಡೈಥಿಜೋನ್ ಎಂಬ ಕಾರಕವನ್ನು ಬೆರೆಸಿ, ಮೂಡಿದ ಬಣ್ಣದ ಗಾಢತೆಯಿಂದ ಪ್ರಮಾಣವನ್ನು ನಿರ್ಣಯಿಸುವುದು. ಸತುವೂ ಅದೇ ಕಾರಕದೊಡನೆ ಕೆಂಪಾಗುವುದರಿಂದ, ಸತುವೇ ತುಂಬಿರುವ ಸೆಲ್ಲಿನಲ್ಲಿ ಅಲ್ಪವಾದ ಸೀಸವನ್ನು ಬೇರ್ಪಡಿಸಿ ಕಾಣುವುದು ಬಹು ಶ್ರಮದ ಕೆಲಸವಾಗಿತ್ತು. ಆಸ್ಟ್ರೇಲಿಯದ ಅಲನ್ ವಾಲ್ಷ್ 1955ರಲ್ಲಿ ಪ್ರಕಟಿಸಿದ ಪರಮಾಣು ಹೀರಿಕೆಯ ವಿಧಾನವು ಈ ತೊಡಕನ್ನು ಬಹುಮಟ್ಟಿಗೆ ನೀಗಿಸಿತು; ಏಕೆಂದರೆ ಜ್ವಾಲೆಯಲ್ಲಿ ಆವಿಯಾದ ಪ್ರತಿಯೊಂದು ಲೋಹವೂ ತನಗೆ ವಿಶಿಷ್ಟವಾದ ಬೆಳಕನ್ನೇ ಹೀರುತ್ತದೆ. 1968ರಲ್ಲಿ ಹ್ಯಾಚ್ ಮತ್ತು ಆಟ್ ಎಂಬವರು, ಪಾದರಸವನ್ನು ಸ್ಟ್ಯಾನಸ್ ಲವಣದಿಂದ ಅಪಕರ್ಷಿಸಿ, ಜ್ವಾಲೆಯ ನೆರವಿಲ್ಲದೆಯೇ ಆವಿಯಾಗಿಸಿ, 253.7 ನ್ಯಾನೋಮೀಟರಿನ ಬೆಳಕಿನಲ್ಲಿ ಅಳೆಯುವ ಶೀತಬಾಷ್ಪ ಕ್ರಮವನ್ನು ವಿವರಿಸಿದರು. ಅನೇಕ ಲೋಹಗಳನ್ನು ಒಮ್ಮೆಗೇ ಅಳೆಯಬಲ್ಲ ಪ್ಲಾಸ್ಮಾ ಉಪಕರಣಗಳು ಅನಂತರ ಬಂದವು.

ಉಪಕರಣಕ್ಕಿಂತಲೂ ಕಠಿನವಾದುದು ಮಾದರಿಯ ಸಿದ್ಧತೆ. ಸೆಲ್ಲನ್ನು ತೂಗಿ, ಕತ್ತರಿಸಿ, ಅದರ ಯಾವ ಭಾಗವನ್ನೂ ಕಳೆಯದೆ ಆಮ್ಲದಲ್ಲಿ ಕರಗಿಸಬೇಕು. ಸುಲಭವಾಗಿ ಕರಗದ ಮ್ಯಾಂಗನೀಸ್ ಡೈಆಕ್ಸೈಡಿಗೆ ಹೈಡ್ರೋಜನ್ ಪೆರಾಕ್ಸೈಡನ್ನು ಸೇರಿಸಬೇಕು. ಕಾಯಿಸುವಾಗ ಪಾದರಸವು ಹಾರಿಹೋಗದಂತೆ ಕಾಪಾಡಬೇಕು. ಇಲ್ಲಿ ತಪ್ಪಿದರೆ ಎಂಥ ಯಂತ್ರವೂ ಸತ್ಯವನ್ನು ನುಡಿಯಲಾರದು. ಯುರೋಪು, ಜಪಾನು, ಅಮೆರಿಕಗಳ ಬ್ಯಾಟರಿ ಉದ್ಯಮಸಂಘಗಳು ಕ್ಷಾರೀಯ ಸೆಲ್ಲುಗಳಿಗಾಗಿ 1998ರಲ್ಲಿ ಸಮಾನ ವಿಧಾನವೊಂದನ್ನು ಪ್ರಕಟಿಸಿದುದು ಈ ಕಾರಣದಿಂದಲೇ ಮಹತ್ವದ್ದು.

ಮಾಪನವು ಸೂಕ್ಷ್ಮವಾದಂತೆ ಶಾಸನವೂ ಸೂಕ್ಷ್ಮವಾಯಿತು. ಯುರೋಪಿನ 1991ರ ನಿರ್ದೇಶವು ಕ್ಷಾರೀಯ ಸೆಲ್ಲುಗಳಿಗೆ ಸಾಮಾನ್ಯವಾಗಿ ಶೇಕಡಾ 0.025ರಷ್ಟು ಪಾದರಸವನ್ನು ಸಹಿಸಿದರೆ, 1998ರ ತಿದ್ದುಪಡಿಯು ಅದನ್ನು 0.0005ಕ್ಕೆ ಇಳಿಸಿತು. 23 ಗ್ರಾಂ ತೂಕದ ಸೆಲ್ಲಿನಲ್ಲಿ ಇದು ಒಂದು ಮಿಲಿಗ್ರಾಮಿನ ಸುಮಾರು ಒಂಬತ್ತನೆಯ ಒಂದು ಭಾಗ ಮಾತ್ರ. ಭಾರತದ 2001ರ ಬ್ಯಾಟರಿ ನಿಯಮಗಳು ಸೀಸ-ಆಮ್ಲ ಬ್ಯಾಟರಿಗಳಿಗಷ್ಟೇ ಅನ್ವಯಿಸಿದ್ದವು. ಎಲ್ಲ ಬಗೆಯ ಬ್ಯಾಟರಿಗಳನ್ನೂ ಒಳಗೊಂಡ ನಿಯಮಗಳು 2022ರ ಆಗಸ್ಟಿನಲ್ಲಿ ಹೊರಬಂದವು.

ಅಳೆಯುವ ವಿದ್ಯೆ ಹೀಗೆ ಪಕ್ವವಾಗಿದೆ. ಅಂಗಡಿಯ ಅಗ್ಗದ ಸೆಲ್ಲಿನಿಂದ ಹಳೆಯ ಕಸದ ರಾಶಿಯ ಕೆಳಗಿನ ನೀರಿನವರೆಗೆ ಅದನ್ನು ಕ್ರಮವಾಗಿ ಪ್ರಯೋಗಿಸುವ ಕರ್ತವ್ಯವು ಸರಕಾರದ್ದು. 2016ರ ಘನತ್ಯಾಜ್ಯ ನಿಯಮಗಳು ಹಳೆಯ ಬ್ಯಾಟರಿಗಳನ್ನು ಗೃಹಜನ್ಯ ಅಪಾಯಕಾರಿ ತ್ಯಾಜ್ಯವೆಂದು ಗಣಿಸಿದವು. ಆದಕಾರಣ ವಾಚಕರು ತಮ್ಮ ಮನೆಯ ಸತ್ತ ಸೆಲ್ಲುಗಳನ್ನು ಇತರ ಕಸದೊಡನೆ ಬೆರೆಸದೆ, ಬೇರೆಯಾಗಿಯೇ ಒಪ್ಪಿಸಬೇಕೆಂದು ಪ್ರಾರ್ಥನೆ.